ಯಾಣ–ವಿಭೂತಿ: ಸುಣ್ಣಕಲ್ಲಿನ ಕೊಳ್ಳದಲ್ಲಿ ಕಾಲಿಡುವ ಬಗೆ

"ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂಬ ಗಾದೆ ಉತ್ತರ ಕನ್ನಡದಲ್ಲಿ ಹುಟ್ಟಿದ್ದು ಯಾಣಕ್ಕೆ ದಾರಿಯೇ ಇಲ್ಲದಿದ್ದ ಕಾಲದಲ್ಲಿ. ಕಾಡು ಹೊಕ್ಕು, ಹಳ್ಳ ದಾಟಿ, ಗುಡ್ಡ ಏರಿ ಹೋಗಬೇಕಿತ್ತು. ಮೈಯಲ್ಲಿ ಕಸುವಿದ್ದವನಿಗೆ ಮಾತ್ರ ಅದು ಸಾಧ್ಯ. ಈಗ ಡಾಂಬರು ರಸ್ತೆ ಹತ್ತಿರದವರೆಗೆ ಬಂದಿದೆ. ಹಾಗಾಗಿ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಕೈಯಲ್ಲಿ ಮೊಬೈಲ್ ಹಿಡಿದು ಇಳಿಯುವವರೇ ಹೆಚ್ಚು. ಬೀಳುವುದು ರಸ್ತೆ ಮುಗಿದ ಮೇಲಿನ ಆ ಒಂದು ಕಿಲೋಮೀಟರಿನಲ್ಲಿ.

ಕುಮಟಾ ತಾಲೂಕಿನ ಯಾಣದ ಬಂಡೆಗಳು, ಅಲ್ಲಿಂದ ಎಂಟು–ಹತ್ತು ಕಿಲೋಮೀಟರ್ ದೂರದಲ್ಲಿ ಅಂಕೋಲಾ ತಾಲೂಕಿನ ಮಾಬಗೆ ಬಳಿಯ ವಿಭೂತಿ ಜಲಪಾತ, ಇವೆರಡನ್ನೂ ಒಂದೇ ದಿನದಲ್ಲಿ ನಡೆದು ನೋಡುವುದು ಹೇಗೆ ಎಂಬುದು ಇಲ್ಲಿದೆ.

ಕಲ್ಲಿನ ಗುಣ ತಿಳಿಯದೆ ಹೊರಡಬೇಡಿ

ನಮ್ಮ ಘಟ್ಟದ ಬಹುಪಾಲು ಅಬ್ಬಿಗಳು ಕಗ್ಗಲ್ಲಿನ ಮೇಲಿಂದ ಬೀಳುತ್ತವೆ. ಯಾಣ–ವಿಭೂತಿಯ ಜಾತಿ ಬೇರೆ, ಇದು ಸುಣ್ಣಕಲ್ಲು. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಇದರದ್ದೇ ಬಳಗ. ಅಡುಗೆಮನೆಯ ಶಹಾಬಾದ್ ಹಾಸಿನ ಮೇಲೆ ನಿಂಬೆರಸ ಚೆಲ್ಲಿ ಒರೆಸದೆ ಬಿಟ್ಟರೆ ಆ ಜಾಗ ಹೊಳಪು ಕಳೆದುಕೊಂಡು ಬೆಳ್ಳಗಾಗುತ್ತದಲ್ಲ, ಯಾಣದಲ್ಲಿ ಲಕ್ಷಾಂತರ ಮಳೆಗಾಲ ಮಾಡಿದ್ದು ಅದೇ ಕೆಲಸವನ್ನು. ಮಳೆನೀರು ಗಾಳಿಯಿಂದಲೂ, ಕೊಳೆತ ಎಲೆಯ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿನೀರು ಬಿರುಕು ಬಿರುಕಿನಲ್ಲಿ ಇಳಿದು ಕಲ್ಲನ್ನು ಕರಗಿಸುತ್ತದೆ. ಉಳಿದದ್ದು ಚೂಪು ಅಂಚು, ಸೀಳು, ಗುಹೆ, ಕಂಬ.

ಇದರ ಇನ್ನೊಂದು ಅರ್ಧ ವಿಭೂತಿಯಲ್ಲಿದೆ. ಸುಣ್ಣ ಕರಗಿಸಿಕೊಂಡ ನೀರು ಬಂಡೆಗೆ ಅಪ್ಪಳಿಸಿ ಚದುರಿದಾಗ ಒಳಗಿದ್ದ ಅನಿಲ ಹಾರಿಹೋಗಿ, ಸುಣ್ಣ ಮತ್ತೆ ಕಲ್ಲಿಗೇ ಬೂದಿಬಣ್ಣದ ಪದರವಾಗಿ ಅಂಟುತ್ತದೆ. ಹೆಸರು ಬಂದದ್ದು ಆ ಬಣ್ಣದಿಂದ. ಭಸ್ಮಾಸುರನ ಕಥೆಯೂ ಈ ಸೀಮೆಗೆ ಅಂಟಿಕೊಂಡಿರುವುದರಿಂದ ಊರವರ ಲೆಕ್ಕದಲ್ಲಿ ಅದು ಭಸ್ಮವೇ.

ನಡೆಯುವವರಿಗೆ ಇದರಿಂದ ಗೊತ್ತಾಗಬೇಕಾದದ್ದು ಇಷ್ಟು. ಮಳೆ ಕೊರೆದ ಒರಟು ಮೈ ಗರಗಸದ ಹಲ್ಲಿನಂತಿರುತ್ತದೆ. ಒದ್ದೆಯಾದರೂ ಅಲ್ಲಿ ಕಾಲು ಹಿಡಿಯುತ್ತದೆ, ಆದರೆ ಬಿದ್ದರೆ ಮೊಣಕಾಲು, ಅಂಗೈ ಸೀಳುತ್ತದೆ. ನೀರೋ ಜನರ ಕಾಲೋ ಸವೆಸಿ ನುಣುಪು ಮಾಡಿದ ಮೈ ಒಣಗಿದಾಗ ಸಾಧುವಾಗಿ ಕಾಣುತ್ತದೆ, ನಾಲ್ಕು ಹನಿ ಬಿದ್ದರೆ ಸಾಬೂನು. ನೀರಿನಂಚಿನ ಬೂದಿಬಣ್ಣದ ಹೊಸ ಪದರ ತರಿತರಿಯಾಗಿರುವುದರಿಂದ ಜಾರುವುದಿಲ್ಲ, ಆದರೆ ಕೆಳಗೆ ಟೊಳ್ಳಿದ್ದರೆ ಭಾರಕ್ಕೆ ಹಪ್ಪಳದಂತೆ ಮುರಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹಾವಸೆ (ಪಾಚಿ) ಹಿಡಿದ ಕಲ್ಲು. ಹಸಿರಾಗಿ ಕಾಣುವುದನ್ನು ಎಲ್ಲರೂ ತಪ್ಪಿಸುತ್ತಾರೆ. ಮೋಸ ಮಾಡುವುದು ಕಪ್ಪಗೆ, ಎಣ್ಣೆ ಸವರಿದಂತೆ ಮಿಂಚುವ ತೆಳು ಲೇಪ. ಕಪ್ಪು ಬಂಡೆಯ ಮೇಲೆ ಅದು ಕಣ್ಣಿಗೇ ಬೀಳುವುದಿಲ್ಲ. ಓರೆಯಾಗಿ, ಬೆಳಕು ಬರುವ ಕಡೆಗೆ ಮುಖ ಮಾಡಿ ನೋಡಿ. ಮಿಂಚಿದ ಕಡೆ ಕಾಲಿಡಬೇಡಿ.

ಯಾವಾಗ ಹೋಗಬೇಕು

ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ. ವಿಭೂತಿಯಲ್ಲಿ ನೀರು ಚೆನ್ನಾಗಿರುತ್ತದೆ, ತಿಳಿಯಾಗಿರುತ್ತದೆ, ಯಾಣದ ಮೆಟ್ಟಿಲು ಒಣಗಿರುತ್ತದೆ. ಜನವರಿ ಕಳೆದ ಮೇಲೆ ನೀರು ಇಳಿಯುತ್ತದೆ. ಮಾರ್ಚ್‌ನಲ್ಲಿ ಜಲಪಾತ ನೋಡಲೆಂದೇ ಅಷ್ಟು ದೂರ ಬರುವುದು ದಂಡ, ಯಾಣಕ್ಕಾದರೆ ಅಡ್ಡಿಯಿಲ್ಲ. ಶಿವರಾತ್ರಿಯ ಜಾತ್ರೆ ದಿನಗಳಲ್ಲಿ ದೇವರ ದರ್ಶನಕ್ಕೆ ಬನ್ನಿ, ನಡಿಗೆಗೆ ಬೇಡ.

ಜೂನ್–ಸೆಪ್ಟೆಂಬರಿನಲ್ಲಿ ಬರಲೇಬೇಕೆಂಬ ಹಟವಿದ್ದರೆ ಹವಾಮಾನ ಇಲಾಖೆಯ ಲೆಕ್ಕ ಗೊತ್ತಿರಲಿ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ. ಆರೆಂಜ್ ಅಲರ್ಟ್ ಇದ್ದ ದಿನ ಮಾತ್ರವಲ್ಲ, ಅದರ ಮಾರನೆಯ ದಿನವೂ ಕೊಳ್ಳಕ್ಕೆ ಇಳಿಯಬೇಡಿ, ಏಕೆಂದರೆ ನೆನೆದ ಗುಡ್ಡ ಮಳೆ ನಿಂತ ಮೇಲೂ ಕುಸಿಯುತ್ತದೆ. 2024ರ ಜುಲೈ 16ರಂದು ಇದೇ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿಯ ಮೇಲೇ ಬಂದಿತ್ತು. ಮಳೆ ಜೋರಾದಾಗ ಜಿಲ್ಲಾಡಳಿತ ಜಲಪಾತಗಳಿಗೆ ಪ್ರವೇಶ ನಿಷೇಧಿಸುವುದೂ ಉಂಟು. ಗೇಟು ಹಾಕಿದ್ದರೆ ಪಕ್ಕದ ಕಾಲುದಾರಿ ಹುಡುಕದೆ ವಾಪಸ್ ಹೋಗಿ.

ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಬಸ್ಸು ವಿರಳ. ಬಾಡಿಗೆ ಜೀಪೋ ಸ್ವಂತ ಗಾಡಿಯೋ ಇಲ್ಲದಿದ್ದರೆ ಎರಡೂ ಜಾಗ ಒಂದು ದಿನದಲ್ಲಿ ಆಗದು. ಒಳದಾರಿಯಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ, ಹಾಗಾಗಿ ನಕ್ಷೆಯನ್ನು ಶಿರಸಿಯಲ್ಲೋ ಕುಮಟಾದಲ್ಲೋ ಇಳಿಸಿಕೊಂಡಿರಿ. ಪ್ರವೇಶ, ಪಾರ್ಕಿಂಗ್‌ಗೆ ಚಿಲ್ಲರೆ ನೋಟು ಇಟ್ಟುಕೊಳ್ಳಿ, ಸಿಗ್ನಲ್ ಇಲ್ಲದ ಕಡೆ ಫೋನ್‌ಪೇ ನಡೆಯದು.

ಕಾಲಿಗೆ, ಕೈಗೆ, ಚೀಲಕ್ಕೆ

ಶೂಗಳ ಬೆಲೆ ನೋಡಬೇಡಿ, ಅಡಿ ನೋಡಿ. ಹೆಬ್ಬೆರಳ ಉಗುರಿನಿಂದ ಅಡಿಯನ್ನು ಒತ್ತಿ. ತುಸು ತಗ್ಗಿ ಮತ್ತೆ ಏಳುವ ಮೆತ್ತನೆಯ ರಬ್ಬರ್ ಒದ್ದೆ ಕಲ್ಲಿಗೆ ಆಗುತ್ತದೆ. ಉಗುರು ಜಾರಿಹೋಗುವಷ್ಟು ಗಟ್ಟಿಯಾದ ಪ್ಲಾಸ್ಟಿಕ್ ಅಡಿ ಎಷ್ಟೇ ಹಲ್ಲುಹಲ್ಲಾಗಿರಲಿ, ಸುಣ್ಣಕಲ್ಲಿನ ಮೇಲೆ ಸ್ಕೇಟಿಂಗ್. ಗಂಬೂಟು ತೋಟಕ್ಕೆ ಸರಿ, ಇಲ್ಲಿ ಬೇಡ. ಹಳ್ಳದಲ್ಲಿ ಅದರೊಳಗೆ ನೀರು ತುಂಬಿದರೆ ಒಂದೊಂದು ಕಾಲೂ ಕೊಡಪಾನವಾಗುತ್ತದೆ. ಚಪ್ಪಲಿಯಂತೂ ಕೆಸರಿನಲ್ಲಿ ಕಾಲಿನಿಂದ ಕಳಚಿಕೊಳ್ಳುತ್ತದೆ. ಜೀನ್ಸ್ ನೆನೆದರೆ ಒಣಗುವುದಿಲ್ಲ, ಮೊಣಕಾಲು ಮಡಿಸಲೂ ಬಿಡುವುದಿಲ್ಲ.

ಎದೆಯುದ್ದದ ಒಂದು ಗಟ್ಟಿ ಕೋಲು ಇರಲಿ. ಬೆತ್ತವಾದರೂ ಸರಿ, ಒಣ ಬಿದಿರಾದರೂ ಸರಿ. ಹಸಿ ಗಿಡ ಕಡಿಯಬೇಡಿ, ಅದು ಮೀಸಲು ಅರಣ್ಯ. ತಲೆಗೆ ಎರಡು ಲೀಟರ್ ನೀರು. ಅಲ್ಲಿನ ತೊರೆಯ ನೀರು ಕನ್ನಡಿಯಷ್ಟು ತಿಳಿಯಾಗಿದ್ದರೂ ಹಾಗೇ ಕುಡಿಯಬೇಡಿ. ಮಣ್ಣಿನಲ್ಲಿ ಜಿನುಗಿ ಬರುವ ಒರತೆಯ ನೀರು ಸೋಸಿಕೊಂಡು ಬರುತ್ತದೆ. ಸುಣ್ಣಕಲ್ಲಿನ ನೀರು ಬಿರುಕಿನ ಕೊಳವೆಯಲ್ಲಿ ಸೀದಾ ಹರಿದು ಬರುತ್ತದೆ. ಮೇಲೆ ದನ ಸಗಣಿ ಹಾಕಿದ್ದರೆ ಅದೂ ಜೊತೆಗೇ.

ಮಿಕ್ಕದ್ದು: ಟಾರ್ಚು, ಸಿಳ್ಳೆ, ಹತ್ತಿ, ಬ್ಯಾಂಡೇಜು ಬಟ್ಟೆ ಎರಡು ಸುರುಳಿ, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಜೊತೆ ಒಣಬಟ್ಟೆ, ಉಪ್ಪು. ಊಟಕ್ಕೆ ಏನಾದರೂ ಆದೀತು, ಮಸಾಲೆ ಘಮ್ಮೆನ್ನುವ ಬುತ್ತಿ ಬಿಚ್ಚಿದರೆ ಮಂಗಗಳಿಗೆ ಹಬ್ಬ.

ಒದ್ದೆ ಕಲ್ಲಿನ ಮೇಲೆ ನಡೆಯುವುದು

ಪೇಟೆಯ ನಡಿಗೆಯಲ್ಲಿ ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಒದ್ದೆ ಕಲ್ಲಿನ ಮೇಲೆ ಹಿಮ್ಮಡಿ ಮುಟ್ಟಿದ ಕ್ಷಣದಲ್ಲೇ ಕಾಲು ಮುಂದಕ್ಕೆ ಜಾರುತ್ತದೆ, ಬೀಳುವುದು ಬೆನ್ನಮೇಲೆ. ಆದ್ದರಿಂದ ಹೆಜ್ಜೆ ಗಿಡ್ಡವಾಗಿರಲಿ, ಪಾದವನ್ನು ಅಷ್ಟಗಲಕ್ಕೂ ಒಮ್ಮೆಗೇ, ದೋಸೆ ಕಾವಲಿಗೆ ಮಗುಚಿದಂತೆ, ಚಪ್ಪಟೆಯಾಗಿ ಇಡಿ. ಭಾರವನ್ನು ತಕ್ಷಣ ಹಾಕದೆ ಅರೆಕ್ಷಣ ಒತ್ತಿ ನೋಡಿ, ಹಿಡಿದರೆ ಮಾತ್ರ ಹಿಂದಿನ ಕಾಲನ್ನು ಎತ್ತಿ. ಇಳಿಜಾರಿನಲ್ಲಿ ಹೆದರಿ ಹಿಂದಕ್ಕೆ ವಾಲುವುದು ಎಲ್ಲರೂ ಮಾಡುವ ತಪ್ಪು. ವಾಲಿದಷ್ಟೂ ಪಾದದ ಮೇಲಿನ ಭಾರ ಕಡಿಮೆಯಾಗಿ ಹಿಡಿತ ತಪ್ಪುತ್ತದೆ. ಮೊಣಕಾಲು ಬಗ್ಗಿಸಿ, ಮೂಗು ಹೆಬ್ಬೆರಳ ನೇರಕ್ಕೆ ಬರುವಂತೆ ಮುಂದೆ ಬಾಗಿ. ತೀರಾ ಕಡಿದಾದ ಕಡೆ ಮರ್ಯಾದೆ ನೋಡದೆ ಕುಳಿತುಕೊಂಡು ಇಳಿಯಿರಿ.

ಕೋಲು ಯಾವಾಗಲೂ ಇಳಿಜಾರಿನ ಕಡೆಯ ಕೈಯಲ್ಲಿರಲಿ. ಬಂಡೆಯ ಸಂದಿಗೆ, ಎಲೆರಾಶಿಗೆ ಕೈಯಾಗಲಿ ಕಾಲಾಗಲಿ ಹಾಕುವ ಮೊದಲು ಕೋಲು ಹಾಕಿ. ಒದ್ದೆ ದಿನಗಳಲ್ಲಿ ಗುಳಿಮಂಡಲ ಹಾವುಗಳು ಬಂಡೆಯ ಮೇಲೆ, ಸೊಂಟದೆತ್ತರದ ಪೊದೆಯಲ್ಲಿ ಅಲ್ಲಾಡದೆ ಕೂತಿರುತ್ತವೆ. ಆಸರೆಗೆಂದು ಗೆಲ್ಲು ಹಿಡಿಯುವಾಗ ನೋಡಿ ಹಿಡಿಯಿರಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡಿಸದಂತೆ ಇರಿಸಿ, ಹೊತ್ತುಕೊಂಡೇ ಗಾಡಿಗೆ ತನ್ನಿ, ಸಿಗ್ನಲ್ ಸಿಕ್ಕ ಕೂಡಲೇ 108ಕ್ಕೆ ಕರೆ ಮಾಡಿ.

ಯಾಣದಲ್ಲಿ

ಬೆಳಿಗ್ಗೆ ಎಂಟೂವರೆಯೊಳಗೆ ಯಾಣದ ಬುಡದಲ್ಲಿರುವಂತೆ ಹೊರಡಿ. ಶಿರಸಿಯಿಂದ ಸುಮಾರು ನಲವತ್ತು ಕಿಲೋಮೀಟರ್, ಕುಮಟಾದಿಂದ ಸುಮಾರು ಮೂವತ್ತು. ರಸ್ತೆ ಚಿಕ್ಕದು, ತಿರುವು ಹೆಚ್ಚು. ಕಾಡಿನ ದಾರಿಯಲ್ಲಿ ನಡೆದು, ಕೊನೆಗೆ ಮೆಟ್ಟಿಲೇರಿದರೆ ಮರಗಳ ಮೇಲೆ ಒಮ್ಮೆಲೇ ಕಾಣುವುದು ಭೈರವೇಶ್ವರ ಶಿಖರ, ಸುಮಾರು 120 ಮೀಟರ್. ಪಕ್ಕದ ಮೋಹಿನಿ ಶಿಖರ ಸುಮಾರು 90 ಮೀಟರ್. ಎರಡನ್ನೂ ಹತ್ತುವಂತಿಲ್ಲ, ಹತ್ತಲು ನೋಡಲೂ ಬೇಡಿ.

ಭೈರವೇಶ್ವರ ಶಿಖರದ ಬುಡದ ಗುಹೆಯಲ್ಲಿ ಸ್ವಯಂಭೂ ಲಿಂಗವಿದೆ, ಮೇಲಿನ ಕಲ್ಲಿನಿಂದ ನೀರು ತೊಟ್ಟಿಕ್ಕುತ್ತದೆ. ಬಂಡೆಯ ಸೀಳಿನೊಳಗೆ ಹೋಗುವುದು ಬರಿಗಾಲಲ್ಲಿ. ಇದರಿಂದ ಕಿರಿಕಿರಿ ಬೇಡ. ಸವೆದ ಒದ್ದೆ ಕಲ್ಲಿನ ಮೇಲೆ ಕೆಟ್ಟ ಶೂಗಿಂತ ಬರಿಗಾಲೇ ವಾಸಿ, ಬೆರಳುಗಳು ಹಿಡಿಯುತ್ತವೆ. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆ ಕತ್ತಲೆ. ಒಂದು ನಿಮಿಷ ನಿಂತು ಕಣ್ಣು ಒಗ್ಗಿದ ಮೇಲೆ ಹೆಜ್ಜೆಯಿಡಿ. ಟಾರ್ಚನ್ನು ಕಾಲಬುಡಕ್ಕೆ ಹಿಡಿಯಿರಿ, ಮೇಲಕ್ಕೆ ಹಿಡಿದರೆ ಬಾವಲಿಗಳು ಏಳುತ್ತವೆ. ಹೊರಬಂದು ಶೂ ಹಾಕುವ ಮುನ್ನ ಕಾಲಬೆರಳ ಸಂದಿ ನೋಡಿಕೊಳ್ಳಿ, ಶೂ ತಿರುವಿ ಕೊಡವಿ.

ತಲೆಯೆತ್ತಿ ನೋಡಿದರೆ ಬಂಡೆಯ ಮುಂಚಾಚಿನಡಿ ಮೊರದಂತೆ ಜೋತಾಡುವುದು ಹೆಜ್ಜೇನು ಗೂಡು. ಯಾಣದ ನಿಜವಾದ ಅಪಾಯ ಇದೇ ಎಂದರೂ ತಪ್ಪಿಲ್ಲ. ಬೀಡಿ–ಸಿಗರೇಟಿನ ಹೊಗೆ, ಗಾಢವಾದ ಸೆಂಟು, ಡ್ರೋನು, ಪ್ರತಿಧ್ವನಿ ಕೇಳಲೆಂದು ಕೂಗುವುದು, ಕಲ್ಲು ಬೀರುವುದು ಇವು ಅವುಗಳನ್ನು ಕೆರಳಿಸುತ್ತವೆ. ಎದ್ದರೆ ನಿಂತು ಕೈಬೀಸಬೇಡಿ. ಮುಖ, ಕತ್ತು ಮುಚ್ಚಿಕೊಂಡು ಗಿಡಗಂಟಿ ದಟ್ಟವಾಗಿರುವ ಕಡೆಗೆ ಓಡಿ, ದೂರ ಓಡಿ. ಮೆಟ್ಟಿಲ ಮೇಲೆ ಓಡುವಾಗ ಬಿದ್ದವರು ಜೇನು ಕಡಿಸಿಕೊಂಡವರಿಗಿಂತ ಹೆಚ್ಚು ಪೆಟ್ಟು ತಿನ್ನಬಹುದು, ಕೈಹಿಡಿ ಇದ್ದ ಕಡೆ ಬಿಡಬೇಡಿ. ಚುಚ್ಚಿದ ಮುಳ್ಳನ್ನು ಉಗುರಿನಿಂದ ಕೆರೆದು ಕೂಡಲೇ ತೆಗೆಯಿರಿ. ತುಟಿ ಊದಿಕೊಂಡು ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೊರಡುವುದೊಂದೇ ದಾರಿ, ಮನೆಮದ್ದಿಗೆ ಹೊತ್ತು ಕಳೆಯಬೇಡಿ.

ವಿಭೂತಿಯಲ್ಲಿ, ನೀರಿನ ಬಳಿ

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮಾಬಗೆ ಕಡೆಗೆ ಬನ್ನಿ. ಗಾಡಿ ನಿಲ್ಲಿಸಿ ಅಡಿಕೆ ತೋಟ, ಕಾಡಿನ ಸೆರಗಿನಲ್ಲಿ ಇಪ್ಪತ್ತು–ಮೂವತ್ತು ನಿಮಿಷ ನಡೆದರೆ ಜಲಪಾತ. ಜೋಗದ 253 ಮೀಟರನ್ನು ತಲೆಯಲ್ಲಿಟ್ಟುಕೊಂಡು ಬಂದರೆ ಸಪ್ಪೆ ಎನಿಸೀತು. ಇದು ಎತ್ತರದ ಅಬ್ಬಿಯಲ್ಲ, ಬೂದಿಬಣ್ಣದ ಕಲ್ಲಿನ ಮೇಲೆ ಹಂತಹಂತವಾಗಿ ಇಳಿಯುವ ನೀರು.

ನೀರಿಗಿಳಿಯುವ ಮುನ್ನ ಮಾಡಬೇಕಾದದ್ದು ಎರಡು. ಮೊದಲನೆಯದು, ದಾರಿಯಲ್ಲಿ ಸಿಕ್ಕ ತೋಟದವರನ್ನೋ ಗೇಟಿನವರನ್ನೋ ಕೇಳಿ: "ಅಣ್ಣಾ, ನಿನ್ನೆ ರಾತ್ರಿ ಮೇಲೆ ಘಟ್ಟದಲ್ಲಿ ಮಳೆ ಬಂತಾ?" ನಿಮ್ಮ ತಲೆಮೇಲೆ ಬಿಸಿಲಿದ್ದರೂ ಮೇಲೆ ಸುರಿದ ಮಳೆ ತಡವಾಗಿ ಬಂದು ಸೇರುತ್ತದೆ, ಇಕ್ಕಟ್ಟಾದ ಕೊಳ್ಳದಲ್ಲಿ ಅದಕ್ಕೆ ಹರಡಿಕೊಳ್ಳಲು ಜಾಗವಿಲ್ಲ, ಏರಲೇಬೇಕು. ಎರಡನೆಯದು, ನೀರಂಚಿಗೆ ಸರಿಯಾಗಿ ಒಂದು ಕಡ್ಡಿ ನೆಟ್ಟು ಅಥವಾ ಕಲ್ಲಿಟ್ಟು ಗುರುತು ಮಾಡಿ. ಹತ್ತು ನಿಮಿಷಕ್ಕೊಮ್ಮೆ ಒಬ್ಬರು ಅದನ್ನು ನೋಡಬೇಕು. ಗುರುತು ನೆನೆದರೆ, ತಿಳಿನೀರು ಚಹಾದ ಬಣ್ಣಕ್ಕೆ ತಿರುಗಿದರೆ, ಹಸಿರೆಲೆ–ಕಡ್ಡಿ ತೇಲಿಬರತೊಡಗಿದರೆ, ಅಥವಾ ಸದ್ದು ಇದ್ದಕ್ಕಿದ್ದಂತೆ ದಪ್ಪವಾದರೆ, ಚೀಲ ಬಿಟ್ಟಾದರೂ ಸರಿ, ಮೇಲೇರಿ. ಬಂದ ದಾರಿಗುಂಟ ಕೆಳಗೆ ಓಡಬೇಡಿ, ನೀರೂ ಅದೇ ದಾರಿಯಲ್ಲಿ ಬರುತ್ತದೆ. ದಡಕ್ಕೆ, ಎತ್ತರಕ್ಕೆ.

ಗುಂಡಿಯಲ್ಲಿ ಸೊಂಟಕ್ಕಿಂತ ಆಳಕ್ಕೆ ಹೋಗಬೇಡಿ. ಕರಗಿದ ಕಲ್ಲಿನ ತಳ ಸಮವಿರುವುದಿಲ್ಲ. ಮೊಣಕಾಲುದ್ದದ ನೀರಿನ ಪಕ್ಕದ ಹೆಜ್ಜೆಯಲ್ಲೇ ಒರಳಿನಂಥ ಹೊಂಡ ಇರಬಹುದು. ಕೋಲಿನಿಂದ ತಡವಿಕೊಂಡೇ ಮುಂದೆ ಹೋಗಿ. ಮೇಲಿನಿಂದ ಧುಮುಕಬೇಡಿ. ಧಾರೆಯ ನೇರ ಕೆಳಗೆ ನಿಲ್ಲುವ ಆಸೆಯನ್ನೂ ಬಿಡಿ. ನೀರಿನ ಜೊತೆ ಕಲ್ಲಿನ ಚೂರು, ಮರದ ತುಂಡು ಬರುತ್ತವೆ, ಬರುವಾಗ ಕಾಣುವುದಿಲ್ಲ. ಜಲಪಾತದ ನೆತ್ತಿಯ ಅಂಚಿಗೆ ಹೋಗಿ ಫೋಟೋ ತೆಗೆಯುವುದಂತೂ ಬೇಡವೇ ಬೇಡ, ನೀರು ಅತಿ ಹೆಚ್ಚು ಸವೆಸಿದ ಕಲ್ಲು ಇರುವುದು ಅಲ್ಲೇ.

ಹಳ್ಳ ದಾಟಬೇಕಾಗಿ ಬಂದರೆ ಒಂದು ಎಲೆ ನೀರಿಗೆ ಹಾಕಿ ದಡದಲ್ಲಿ ಅದರ ಜೊತೆ ನಡೆಯಿರಿ. ಎಲೆ ನಿಮ್ಮನ್ನು ಹಿಂದೆ ಹಾಕಿದರೆ, ಇಲ್ಲವೇ ನೀರು ಮೊಣಕಾಲು ಮೀರಿದ್ದರೆ ದಾಟಬೇಡಿ. ದಾಟುವುದಾದರೆ ಅಗಲವಾಗಿ ಹರಡಿ ಹರಿಯುವ ಜಾಗ ಆರಿಸಿ. ಇಕ್ಕಟ್ಟಾದ ಕಡೆ ಎರಡೇ ಹೆಜ್ಜೆ ಎನಿಸಿದರೂ ಅಲ್ಲಿ ಆಳವೂ ಸೆಳೆತವೂ ಹೆಚ್ಚು. ಜಲಪಾತದ ಮೇಲ್ಗಡೆ ಎಂದೂ ದಾಟಬೇಡಿ. ಚೀಲದ ಎದೆಪಟ್ಟಿ, ಸೊಂಟಪಟ್ಟಿ ಬಿಚ್ಚಿಡಿ, ಬಿದ್ದರೆ ಚೀಲ ಕಳಚಿ ಎಸೆಯಲು ಬರಬೇಕು. ಮುಖ ನೀರು ಬರುವ ದಿಕ್ಕಿಗೆ, ಕೋಲು ಮುಂದೆ ಊರಿ, ಏಡಿಯ ಹಾಗೆ ಅಡ್ಡಡ್ಡ ಸರಿಯಿರಿ. ಎರಡು ಕಾಲು, ಒಂದು ಕೋಲು, ಈ ಮೂರರಲ್ಲಿ ಒಮ್ಮೆಗೆ ಒಂದನ್ನೇ ಎತ್ತಬೇಕು. ಕಾಲುಸಂಕ ಇದ್ದರೆ ಅದರ ಮೇಲೆ ಒಬ್ಬೊಬ್ಬರೇ ಹೋಗಿ, ಅಡಿಕೆ ದಬ್ಬೆಯ ಸಂಕ ಹಾವಸೆ ಹಿಡಿದಿದ್ದರೆ ಕುಳಿತು ದಾಟಿ.

ಮೂರೂವರೆಗೆ ಹೊರಡಿ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಮೇಲಾದರೂ ಕೊಳ್ಳದೊಳಗೆ ನಾಲ್ಕೂವರೆಗೇ ಮಬ್ಬು. ಕಪ್ಪು ಕಲ್ಲಿನ ಮೇಲಿನ ಕಪ್ಪು ಹಾವಸೆ ಆಗ ಯಾರಿಗೂ ಕಾಣದು.

ಉಂಬಳ, ಉಣುಗು

ಮಳೆಗಾಲದಲ್ಲಿ, ಅದು ಮುಗಿದ ಹೊಸದರಲ್ಲೂ, ಉಂಬಳ (ಕಾಡಿನ ಜಿಗಣೆ) ತಪ್ಪಿದ್ದಲ್ಲ. ತರಗೆಲೆಯ ತುದಿಯಲ್ಲಿ ದಾರದೆಳೆಯಂತೆ ನೆಟ್ಟಗೆ ನಿಂತು, ನಿಮ್ಮ ಉಸಿರಿನ, ಮೈಬಿಸಿಯ ಸುಳಿವಿಗೆ ಅತ್ತಿತ್ತ ತೂಗುತ್ತಿರುತ್ತದೆ. ಶೂ ತಾಕಿದ್ದೇ ತಡ ಗೇಣು ಹಾಕುತ್ತ ಮೇಲೇರಿ, ಕಾಲುಚೀಲದ ಹೆಣಿಗೆಯ ಕಣ್ಣಿನಲ್ಲೇ ನುಸುಳುತ್ತದೆ. ಹಾಗಾಗಿ ಹೆಣೆದ ಸಾಕ್ಸ್ ಮೇಲೆ ದಟ್ಟ ನೇಯ್ಗೆಯ ಹತ್ತಿಬಟ್ಟೆಯ ಚೀಲ ಮೊಣಕಾಲವರೆಗೆ ಕಟ್ಟಿಕೊಳ್ಳಿ, ಪ್ಯಾಂಟಿನ ಕಾಲು ಅದರೊಳಗೆ ಹೋಗಬೇಕು. ಊರವರು ಕವಳದ ಸಂಚಿಯ ತಂಬಾಕು, ಸುಣ್ಣ ಕಲಸಿ ಶೂ ಅಂಚಿಗೆ ಸವರುತ್ತಾರೆ. ಕೆಲಸ ಮಾಡುತ್ತದೆ, ಆದರೆ ಹಳ್ಳ ದಾಟಿದ ಮೇಲೆ ಮತ್ತೆ ಸವರಬೇಕು. ಕೋಲಿನ ತುದಿಗೆ ಉಪ್ಪಿನ ಪೊಟ್ಟಣ ಕಟ್ಟಿಕೊಂಡರೆ ಹತ್ತಿದ್ದನ್ನು ಮುಟ್ಟಿ ಬೀಳಿಸಬಹುದು.

ಕಚ್ಚಿಕೊಂಡಿದ್ದನ್ನು ಎಳೆಯಬೇಡಿ, ಬೆಂಕಿ ಮುಟ್ಟಿಸಬೇಡಿ. ಸಪೂರ ತುದಿ ಅದರ ಬಾಯಿ. ಉಗುರನ್ನು ಚರ್ಮಕ್ಕೆ ಒತ್ತಿಹಿಡಿದು ಆ ತುದಿಯ ಕೆಳಗೆ ಜಾರಿಸಿ ಬಿಡಿಸಿ, ಆಮೇಲೆ ದಪ್ಪ ತುದಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದಿರುವುದರಿಂದ ಸೋರಿಕೆ ನೋಡಿ ಗಾಬರಿಯಾಗಬೇಡಿ. ಹತ್ತಿಯಿಟ್ಟು ಹದಿನೈದು ನಿಮಿಷ ಒತ್ತಿಹಿಡಿಯಿರಿ.

ಮಳೆ ಹೋಗಿ ನೆಲ ಒಣಗಿದರೆ ಉಂಬಳದ ಪಾಳಿ ಮುಗಿದು ಉಣುಗಿನ (ಉಣ್ಣೆಹುಳದ) ಪಾಳಿ. ಇದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರಿಂದ, ಉತ್ತರ ಕನ್ನಡದಲ್ಲೂ ಅದು ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ಹೋಗುವವರು ಕಾಲು–ಕೈಗಳಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ತೈಲ ಹಚ್ಚಿಕೊಳ್ಳಿ, ಮಲೆನಾಡಿನ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ವಿಚಾರಿಸಿ. ತರಗೆಲೆಯ ಮೇಲೆ ಕೂರಬೇಡಿ, ಬಂಡೆಯ ಮೇಲೆ ಕೂರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೋ ಅರಣ್ಯದವರಿಗೋ ತಿಳಿಸಿ. ವಸತಿಗೆ ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಮೀಯಿರಿ. ಕಂಕುಳು, ತೊಡೆಸಂದಿ, ಕಿವಿಯ ಹಿಂದೆ ಎಳ್ಳಿನಷ್ಟು ಸಣ್ಣ ಚುಕ್ಕೆಯಿದ್ದರೂ ಬೆಳಕಿನಲ್ಲಿ ನೋಡಿಕೊಳ್ಳಿ. ಮುಂದಿನ ಎರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಬಳಿ ಹೇಳುವ ಮೊದಲ ಮಾತು "ಯಾಣದ ಕಾಡಿಗೆ ಹೋಗಿದ್ದೆ" ಎಂದಿರಲಿ.